ಲೆಕ್ಕ ಬಲ್ಲವನು ಹಣ ನಿಭಾಯಿಸಬಲ್ಲನೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಮಕ್ಕಳು ಲೆಕ್ಕವನ್ನು ಕೊಬ್ಬರಿಯಿಂದಲೇ ಕಲಿಯುತ್ತಾರೆ. ಅಟ್ಟದಿಂದ ಇಳಿಸಿದ ಕಾಯಿ ಎಷ್ಟು, ಒಡೆದ ಮೇಲೆ ತೂಕವೆಷ್ಟು, ಕ್ವಿಂಟಲಿನ ಧಾರಣೆ ಎಷ್ಟು ಎಂಬುದು ದಿನನಿತ್ಯದ ಮಾತು. ಇಂತಹ ಮನೆಯಲ್ಲಿ ಸ್ವಲೀನತೆ, ಅಂದರೆ ಆಟಿಸಂ ಇರುವ ಯುವಕನೊಬ್ಬ ಧಾರಣೆ ಕೇಳಿದೊಡನೆ ಒಟ್ಟು ಮೊತ್ತವನ್ನು ಬಾಯಿಲೆಕ್ಕದಲ್ಲೇ ಹೇಳಿಬಿಟ್ಟರೆ, "ಇವನಿಗೇನು ಕೊರತೆ?" ಎಂದು ನೆರೆಹೊರೆಯವರು ಕೇಳುವುದು ಸಹಜ. ಅಂಗವೈಕಲ್ಯದ ತಪಾಸಣೆಯಲ್ಲಿಯೂ ಈ ಪ್ರಶ್ನೆ ಏಳಬಹುದು.

ಆದರೆ ಅದೇ ಯುವಕ ಸಂತೆಯಲ್ಲಿ ಕೇಳಿದವರಿಗೆಲ್ಲ ಕೈಯಲ್ಲಿದ್ದ ಹಣವನ್ನು ಕೊಟ್ಟುಬರಬಹುದು. ಗದ್ದಲಕ್ಕೆ ಕಂಗೆಟ್ಟು ಸಾಮಾನನ್ನೂ ಚಿಲ್ಲರೆಯನ್ನೂ ಅಂಗಡಿಯಲ್ಲೇ ಬಿಟ್ಟು ಹೊರಡಬಹುದು. ಫೋನಿನಲ್ಲಿ ವಿಚಾರಿಸಿದ ಅಪರಿಚಿತನಿಗೆ ಬ್ಯಾಂಕಿನ ಓಟಿಪಿಯನ್ನು ಪ್ರಾಮಾಣಿಕವಾಗಿ ಓದಿ ಹೇಳಬಹುದು. ಲೆಕ್ಕ ಒಂದು ಶಕ್ತಿ. ಎದುರಿಗಿರುವವನ ಉದ್ದೇಶವನ್ನು ಅರಿತು ಬೇಡವೆನ್ನುವುದು ಇನ್ನೊಂದು. ಚರಕಸಂಹಿತೆಯು ಧೀ, ಧೃತಿ, ಸ್ಮೃತಿಗಳನ್ನು ಪ್ರತ್ಯೇಕವಾಗಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಒಂದು ಬಲವಾಗಿದ್ದ ಮಾತ್ರಕ್ಕೆ ಉಳಿದವೂ ಬಲವಾಗಿರಬೇಕೆಂದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಅನೇಕ ಸೌಲಭ್ಯಗಳಿಗೆ ಶೇಕಡಾ 40ರ ಪ್ರಮಾಣಪತ್ರವೇ ಹೊಸ್ತಿಲು. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವ ಭಾರತೀಯ ಮಾಪನದಲ್ಲಿ 6 ವಿಭಾಗಗಳೂ 40 ಅಂಶಗಳೂ ಇವೆ. ಹಣದ ನಿರ್ವಹಣೆಗೆಂದೇ ಪ್ರತ್ಯೇಕ ಅಂಶ ಅದರಲ್ಲಿಲ್ಲ. ಆದರೆ ಅಸಾಮಾನ್ಯ ನೆನಪು ಮತ್ತು ಒಂದೇ ವಿಷಯದಲ್ಲಿ ಕಾಣುವ ವಿಶೇಷ ಪ್ರತಿಭೆ ಆಟಿಸಂನ ಲಕ್ಷಣಗಳಾಗಿಯೇ ಅದರಲ್ಲಿ ಸೇರಿವೆ. ಆದ್ದರಿಂದ "ಲೆಕ್ಕ ಚೆನ್ನಾಗಿ ಬರುತ್ತದೆ" ಎಂಬುದು ಅರ್ಜಿಯನ್ನು ನಿರಾಕರಿಸಲು ಕಾರಣವಾಗಲಾರದು.

ಪ್ರಮಾಣಪತ್ರ ದೊರೆಯದಿದ್ದರೆ ಮನೆಯವರು ಧೃತಿಗೆಡಬಾರದು. ನಿಗದಿತ ವೈಕಲ್ಯ ಇಲ್ಲವೆಂದು ಕಂಡರೆ ಅದನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಅಧಿನಿಯಮದ 58ನೆಯ ಪ್ರಕರಣ ಹೇಳುತ್ತದೆ. 59ನೆಯ ಪ್ರಕರಣ ಮೇಲ್ಮನವಿಯ ಹಕ್ಕನ್ನು ನೀಡುತ್ತದೆ. ಬಾಯಿಮಾತಿನ ನಿರಾಕರಣೆಯನ್ನು ಕೇಳಿ ಮನೆಗೆ ಮರಳದೆ, ಲಿಖಿತ ಹಿಂಬರಹವನ್ನು ಪಡೆಯಿರಿ. ಮೇಲ್ಮನವಿ ಯಾರಿಗೆ, ಎಷ್ಟು ದಿನಗಳೊಳಗೆ ಎಂಬುದನ್ನೂ ಅಲ್ಲಿಯೇ ಕೇಳಿ ಬರೆದುಕೊಳ್ಳಿ. ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ ತಿರಸ್ಕೃತವಾದಾಗಲೂ ಇದೇ ಕ್ರಮ.

ಮೇಲ್ಮನವಿಗೆ ಬಲ ಬರುವುದು ದಾಖಲೆಯಿಂದ. ಎರಡು ಮೂರು ತಿಂಗಳ ಕಾಲ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಸಹಿತ ಬರೆಯಿರಿ: ಕೊಟ್ಟ ಹಣವೆಷ್ಟು, ತಂದ ಸಾಮಾನೇನು, ಉಳಿದ ಚಿಲ್ಲರೆ ಏನಾಯಿತು, ಯಾರ ನೆರವು ಬೇಕಾಯಿತು. "ಹಣದ ವಿಚಾರ ತಿಳಿಯದು" ಎಂಬ ಒಂದು ವಾಕ್ಯಕ್ಕಿಂತ ಇಂತಹ ಹತ್ತು ಘಟನೆಗಳು ಹೆಚ್ಚು ಮಾತನಾಡುತ್ತವೆ. ಶಾಲೆಯ ಶಿಕ್ಷಕರು, ಪರಿಚಿತ ಅಂಗಡಿಯವರು ತಾವು ಕಂಡದ್ದನ್ನು ಬರೆದುಕೊಡಲಿ. ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಆಗಿದ್ದರೆ ಆ ವರದಿಯನ್ನೂ ಲಗತ್ತಿಸಿ. ನನ್ನಂತಹ ಆಯುರ್ವೇದ ವೈದ್ಯರ ಪತ್ರ ಪೂರಕವಾದೀತೇ ಹೊರತು ಪ್ರಮಾಣಪತ್ರವಾಗದು. ತಪಾಸಣೆಯ ದಿನ ಮಗನ ಮರ್ಯಾದೆ ಉಳಿಸಲೆಂದು "ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತಾನೆ" ಎನ್ನಬೇಡಿ. ಇಲ್ಲದ ತೊಂದರೆಯನ್ನು ಸೇರಿಸಲೂ ಬೇಡಿ. ಇರುವುದನ್ನು ಇರುವಂತೆ ಹೇಳಿ.

ನೆರವಿಗೂ ಜನರಿದ್ದಾರೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿಯ ವಿಷಯದಲ್ಲಿ ಮಾರ್ಗದರ್ಶನ ನೀಡುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ವಿಕಲಚೇತನರು ಉಚಿತ ಕಾನೂನು ನೆರವಿಗೆ ಅರ್ಹರು. ಅದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು.

ಒಂದು ಎಚ್ಚರಿಕೆ ಅಗತ್ಯ. ಹಣ ನಿಭಾಯಿಸಲು ನೆರವು ಬೇಕೆಂದು ರುಜುವಾತು ಮಾಡುವುದೆಂದರೆ, ಅವನ ಹಣದ ಮೇಲೆ ಅವನಿಗೆ ಅಧಿಕಾರವಿಲ್ಲವೆಂದು ಸಾರುವುದಲ್ಲ. ಆಸ್ತಿ ಹೊಂದುವ, ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವ ಹಕ್ಕನ್ನು ಅದೇ ಅಧಿನಿಯಮದ 13ನೆಯ ಪ್ರಕರಣ ಅವನಿಗೂ ಸಮಾನವಾಗಿ ನೀಡಿದೆ. ಹದಿನೆಂಟು ತುಂಬಿದ ಮೇಲೆ ಪೋಷಕತ್ವ ಅನಿವಾರ್ಯವೆನಿಸಿದರೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಅದಕ್ಕೂ ಮೊದಲು ಮನೆಯಲ್ಲೇ ಅಭ್ಯಾಸ ನಡೆಯಲಿ: ವಾರಕ್ಕೊಂದು ಸಣ್ಣ ಮೊತ್ತ, ಚಿತ್ರವಿರುವ ಸಾಮಾನಿನ ಪಟ್ಟಿ, ಗದ್ದಲವಿಲ್ಲದ ಹೊತ್ತಿನಲ್ಲಿ ಪರಿಚಿತ ಅಂಗಡಿ.

ಆಟಿಸಂ ಔಷಧಿಯಿಂದ ಕಳೆಯುವ ರೋಗವಲ್ಲ. ನಿದ್ರೆ, ಮಲಬದ್ಧತೆಗಳಂತಹ ತೊಂದರೆಗಳಿಗೆ ಚಿಕಿತ್ಸೆಯುಂಟು. "ಪೂರ್ಣ ಗುಣ" ಎಂಬ ಮಾತಿಗೆ ಮರುಳಾಗಿ ಕೊಬ್ಬರಿಯ ಹಣವನ್ನು ಸುರಿಯಬೇಡಿ. ಶರಣರು ಕಾಯಕವನ್ನು ಎಲ್ಲರಿಗೂ ಹೇಳಿದರು. ಕಾಯಿ ಆರಿಸುವ, ಕೊಬ್ಬರಿ ಹೊರುವ ಕಾಯಕ ಈ ಮಕ್ಕಳದ್ದಾದಾಗ ಅದರ ಫಲವೂ ಅವರ ಕೈಸೇರಬೇಕು, ಅಲ್ಲಿ ಸುರಕ್ಷಿತವಾಗಿ ಉಳಿಯಬೇಕು. ಅದಕ್ಕಾಗಿ ಒಂದು ಮೇಲ್ಮನವಿ ಬರೆಯುವುದು ಮನೆಯವರ ಕಾಯಕ.