ಧ್ವನಿಮುದ್ರಣದಲ್ಲಿ ಸ್ಥಳ ಮತ್ತು ಮೈಕ್ರೊಫೋನಿನ ಆಯ್ಕೆ

ಧ್ವನಿಮುದ್ರಣದ ಗುಣಮಟ್ಟವು ಮುಖ್ಯವಾಗಿ ಮುದ್ರಣ ನಡೆಯುವ ಸ್ಥಳ, ಬಳಸುವ ಮೈಕ್ರೊಫೋನಿನ ಬಗೆ ಹಾಗೂ ಅದು ಧ್ವನಿಮೂಲದಿಂದ ಇರುವ ದೂರವನ್ನು ಅವಲಂಬಿಸಿರುತ್ತದೆ. ಸ್ಟುಡಿಯೊದ ಹೊರಗೆ, ಜನರು ಮಾತನಾಡುವ ಅಥವಾ ಹಾಡುವ ಊರಿನಲ್ಲಿಯೇ ಮಾಡುವ ಮುದ್ರಣವನ್ನು ಕ್ಷೇತ್ರ ಧ್ವನಿಮುದ್ರಣ ಎನ್ನುತ್ತಾರೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳಂತಹ ಪ್ರದೇಶಗಳಲ್ಲಿ ತತ್ವಪದ, ಬಯಲಾಟ, ಮೊಹರಂ ಪದ ಮತ್ತು ಆಡುಮಾತುಗಳನ್ನು ದಾಖಲಿಸುವಾಗ ಈ ಅಂಶಗಳು ನಿರ್ಣಾಯಕವಾಗುತ್ತವೆ.

ಹಿನ್ನೆಲೆ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಾಗ ಆರಂಭವಾಯಿತು. ಆಗ ಮೈಕ್ರೊಫೋನ್ ಬಳಕೆಯಲ್ಲಿರಲಿಲ್ಲ. ಗಾಯಕರು ಲೋಹದ ಕೊಂಬಿನೊಳಗೆ ಗಟ್ಟಿಯಾಗಿ ಹಾಡಬೇಕಿತ್ತು. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆ ಮೆಲುದನಿಯೂ ದಾಖಲಾಗತೊಡಗಿತು. ಅದರೊಂದಿಗೆ ಸುತ್ತಲಿನ ಸದ್ದು ಮತ್ತು ಕೋಣೆಯ ಅನುರಣನವೂ ಹೆಚ್ಚು ಸ್ಪಷ್ಟವಾಗಿ ಸೇರತೊಡಗಿದವು.

ದೂರದ ಪರಿಣಾಮ

ತೆರೆದ ಜಾಗದಲ್ಲಿ ಧ್ವನಿಮೂಲದಿಂದ ದೂರ ಇಮ್ಮಡಿಯಾದಂತೆ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 20 ಸೆಂ.ಮೀ. ದೂರದಲ್ಲಿದ್ದ ಮೈಕ್ರೊಫೋನನ್ನು 160 ಸೆಂ.ಮೀ. ದೂರಕ್ಕೆ ಸರಿಸಿದರೆ ಮಾತಿನ ಮಟ್ಟ ಸುಮಾರು 18 ಡೆಸಿಬೆಲ್ ತಗ್ಗುತ್ತದೆ. ಆದರೆ ಸುತ್ತಲಿನ ಸದ್ದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ದುಬಾರಿ ಮೈಕ್ರೊಫೋನನ್ನು ದೂರದಲ್ಲಿಡುವುದಕ್ಕಿಂತ ಸಾಧಾರಣ ಮೈಕ್ರೊಫೋನನ್ನು ಹತ್ತಿರ ಇಡುವುದು ಅನೇಕ ವೇಳೆ ಉತ್ತಮ ಫಲ ನೀಡುತ್ತದೆ.

ಸ್ಥಳದ ಪರಿಣಾಮ

ಅನುರಣನ: ಗಟ್ಟಿ ಗೋಡೆಗಳು ಧ್ವನಿಯನ್ನು ಹೀರದೆ ಹಿಂದಿರುಗಿಸುತ್ತವೆ. ಸಬೀನ್ ಸೂತ್ರದ ಪ್ರಕಾರ ಅನುರಣನ ಕಾಲವು ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದಾಗ ದೊರೆಯುತ್ತದೆ. ಉದಾಹರಣೆಗೆ, 5 ಮೀ. ಉದ್ದ, 4 ಮೀ. ಅಗಲ ಮತ್ತು 3 ಮೀ. ಎತ್ತರದ ಖಾಲಿ ಕೋಣೆಯ ಹೀರಿಕೆ 3 ಚದರ ಮೀಟರಿನಷ್ಟಿದ್ದರೆ ಅನುರಣನ ಕಾಲ ಸುಮಾರು 3.2 ಸೆಕೆಂಡು. ಕೌದಿ, ಹಾಸಿಗೆ, ಧಾನ್ಯದ ಚೀಲ ಹಾಗೂ ಜನರಿಂದ ಹೀರಿಕೆ 15 ಚದರ ಮೀಟರಿಗೆ ಏರಿದರೆ ಅದು ಸುಮಾರು 0.64 ಸೆಕೆಂಡಿಗೆ ಇಳಿಯುತ್ತದೆ.

ಪ್ರತಿಧ್ವನಿ: ಮಸ್ಕಿಯು 1915ರಲ್ಲಿ ಅಶೋಕನ ಶಾಸನ ಪತ್ತೆಯಾದ ಬಂಡೆಗಲ್ಲಿನ ಗುಡ್ಡಗಳ ಊರು. ಇಂತಹ ಕಡೆ ಸುಮಾರು 17 ಮೀ. ದೂರದ ಬಂಡೆಯಿಂದ ಮರಳುವ ಧ್ವನಿ 0.1 ಸೆಕೆಂಡು ತಡವಾಗಿ ತಲುಪಿ, ಪ್ರತ್ಯೇಕವಾಗಿ ಕೇಳಿಸಬಲ್ಲದು.

ಹಿನ್ನೆಲೆ ಸದ್ದು: ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶವಾಗಿದ್ದು, ಭತ್ತದ ಬೆಳೆ ಮತ್ತು ಅಕ್ಕಿ ಗಿರಣಿಗಳಿಗೆ ಹೆಸರಾಗಿದೆ. ಗಿರಣಿ, ಪಂಪ್‌ಸೆಟ್, ಕೊಯ್ಲು ಯಂತ್ರ ಮತ್ತು ಫ್ಯಾನುಗಳ ಸದ್ದು ಮುದ್ರಣದಲ್ಲಿ ಸೇರುತ್ತದೆ. ವಿದ್ಯುತ್ ತಂತಿಗಳಿಂದ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಬ್ಯಾಟರಿ ಚಾಲಿತ ಉಪಕರಣದಿಂದ ತಗ್ಗಿಸಬಹುದು. ಆಷಾಢದ ಗಾಳಿಯಲ್ಲಿ ತುಪ್ಪಳದಂತಹ ಗಾಳಿತಡೆ ಅಗತ್ಯವಾಗುತ್ತದೆ.

ಮೈಕ್ರೊಫೋನಿನ ಬಗೆಗಳು

• ಡೈನಾಮಿಕ್: ಕಾಂತಕ್ಷೇತ್ರದಲ್ಲಿ ಸುರುಳಿ ಚಲಿಸುವುದರಿಂದ ಸಂಕೇತ ಉಂಟಾಗುತ್ತದೆ. ಗಟ್ಟಿಮುಟ್ಟಾಗಿದ್ದು, ಹಲಗೆ ಮತ್ತು ಡೊಳ್ಳಿನಂತಹ ಜೋರು ವಾದ್ಯಗಳಿಗೆ ಸೂಕ್ತ.
• ಕಂಡೆನ್ಸರ್: ಹೆಚ್ಚು ಸೂಕ್ಷ್ಮಗ್ರಾಹಿ. ಹಲವು ಮಾದರಿಗಳಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಕು. ಏಕತಾರಿಯ ಮೀಟು ಹಾಗೂ ಮೆಲುದನಿಗೆ ಒಪ್ಪುತ್ತದೆ. ಆದರೆ ಸುತ್ತಲಿನ ಸದ್ದನ್ನೂ ಹಿಡಿಯುತ್ತದೆ.
• ಎಲೆಕ್ಟ್ರೆಟ್: 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಕಂಡೆನ್ಸರ್ ಬಗೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕುಗಳಲ್ಲಿ ಸಾಮಾನ್ಯ.

ದಿಕ್ಕಿನ ಗ್ರಹಣ

ಸರ್ವದಿಕ್ಕಿನ ಮೈಕ್ರೊಫೋನ್ ಎಲ್ಲ ಕಡೆಯ ಧ್ವನಿಯನ್ನೂ ಸಮನಾಗಿ ಹಿಡಿಯುತ್ತದೆ. ಗಾಳಿಯ ಬಾಧೆ ಇದಕ್ಕೆ ಕಡಿಮೆ. ಕಾರ್ಡಿಯಾಯ್ಡ್ ಬಗೆಯು ಹಿಂಬದಿಯ ಧ್ವನಿಯನ್ನು ಅತಿ ಕಡಿಮೆ ಗ್ರಹಿಸುವುದರಿಂದ ಅದರ ಬೆನ್ನನ್ನು ರಸ್ತೆ ಅಥವಾ ಗಿರಣಿಯ ಕಡೆಗೆ ತಿರುಗಿಸಿ ಇಡಬೇಕು. ಇದನ್ನು ಬಾಯಿಗೆ ತೀರ ಹತ್ತಿರ ಹಿಡಿದರೆ ಮಂದ್ರ ಸ್ವರಗಳು ಅಸಹಜವಾಗಿ ಉಬ್ಬುತ್ತವೆ. ಉದ್ದ ನಳಿಗೆಯ ಶಾಟ್‌ಗನ್ ಮೈಕ್ರೊಫೋನ್ ಬಯಲಿನಲ್ಲಿ ಉಪಯುಕ್ತ. ಅನುರಣನವುಳ್ಳ ಸಣ್ಣ ಕೋಣೆಯಲ್ಲಿ ಅದರ ಪ್ರಯೋಜನ ಕುಗ್ಗುತ್ತದೆ.

ಮೇಳಗಾಯನದ ಮುದ್ರಣ

ಲಿಂಗಸುಗೂರು ತಾಲೂಕಿನ ಮುದಗಲ್ಲು ಮೊಹರಂ ಆಚರಣೆಗೆ ಪ್ರಸಿದ್ಧವಾಗಿದೆ. ಹಲಗೆಯ ನಾದ ಮತ್ತು ಜನಸಂದಣಿಯ ನಡುವೆ ಹಾಡಿನ ಸಾಹಿತ್ಯ ಮುಳುಗಿಹೋಗುವ ಸಂಭವವಿರುತ್ತದೆ. ಇಂತಹ ಸಂದರ್ಭದಲ್ಲಿ ಆಚರಣೆಯ ವಾತಾವರಣವನ್ನು ಸ್ಥಳದಲ್ಲಿಯೇ ಮುದ್ರಿಸಿ, ಪದಗಳನ್ನು ಅದೇ ಗಾಯಕರಿಂದ ಶಾಂತ ಸ್ಥಳದಲ್ಲಿ ಮತ್ತೊಮ್ಮೆ ಹಾಡಿಸುವುದು ಸೂಕ್ತ. ಹಲವು ಮೈಕ್ರೊಫೋನುಗಳಿದ್ದರೆ, ಅವುಗಳ ನಡುವಿನ ಅಂತರವು ಗಾಯಕನಿಗೂ ಮೈಕ್ರೊಫೋನಿಗೂ ಇರುವ ದೂರದ ಕನಿಷ್ಠ ಮೂರು ಪಟ್ಟು ಇರಬೇಕೆಂಬುದು ರೂಢಿಯ ನಿಯಮ.

ಮಹತ್ವ

ಸ, ಶ, ಷಗಳಂತಹ ಊಷ್ಮಾಕ್ಷರಗಳ ವ್ಯತ್ಯಾಸವು ಹೆಚ್ಚಿನ ಆವರ್ತನಗಳಲ್ಲಿರುತ್ತದೆ. ಹಿನ್ನೆಲೆ ಸದ್ದು ಮೊದಲು ಮರೆಮಾಡುವುದು ಇಂತಹ ಕ್ಷೀಣ ಅಂಶಗಳನ್ನೇ. ಫ್ಯಾನಿನಂತಹ ಏಕರೂಪದ ಸದ್ದನ್ನು ತಂತ್ರಾಂಶದಿಂದ ತಗ್ಗಿಸಬಹುದಾದರೂ, ಮಿತಿ ಮೀರಿ ಒಡೆದ ಧ್ವನಿ ಅಥವಾ ಅತಿಯಾದ ಅನುರಣನವನ್ನು ಪೂರ್ಣವಾಗಿ ಸರಿಪಡಿಸಲಾಗದು. ಬರಹರೂಪದಲ್ಲಿಲ್ಲದ ಹಾಡುಗಳನ್ನು ಬಲ್ಲ ಹಿರಿಯ ಗಾಯಕರನ್ನು ಮತ್ತೆ ಮುದ್ರಿಸುವ ಅವಕಾಶ ಎಲ್ಲ ಸಲವೂ ದೊರೆಯುವುದಿಲ್ಲ. ಆದುದರಿಂದ ಮುದ್ರಣಕ್ಕೆ ಮುನ್ನ ಹೆಡ್‌ಫೋನಿನಲ್ಲಿ ಸ್ಥಳದ ಸದ್ದನ್ನು ಆಲಿಸಿ, ಒಂದೆರಡು ನಿಮಿಷ ಪರೀಕ್ಷಾ ಮುದ್ರಣ ಮಾಡುವುದು ಅವಶ್ಯಕವಾಗಿದೆ.

ಇವನ್ನೂ ನೋಡಿ

• ಮೈಕ್ರೊಫೋನ್
• ಅನುರಣನ
• ತತ್ವಪದ
• ಮಸ್ಕಿ