ರಾತ್ರಿ ಒಂದು ಗಂಟೆಯ ಚಿತ್ರ

ಗೋಡೆಯ ಗಡಿಯಾರ ಒಂದು ಗಂಟೆಯನ್ನು ತೋರಿಸುತ್ತಿದೆ. ಊರಿಗೆಲ್ಲ ಅದು ಗಾಢನಿದ್ರೆಯ ಹೊತ್ತು. ಇಲ್ಲಿ ಮಾತ್ರ ಮನೆಗೆ ಮರಳುವ ಆತುರ ಯಾರಿಗೂ ಇದ್ದಂತಿಲ್ಲ. ಅಮೆರಿಕದ ಕಲಾವಿದ ಆರ್ಚಿಬಾಲ್ಡ್ ಮೋಟ್ಲಿ 1943ರಲ್ಲಿ ರಚಿಸಿದ ‘ನೈಟ್‌ಲೈಫ್’ ಎಂಬ ತೈಲಚಿತ್ರವಿದು. ಚಿಕಾಗೋ ನಗರದ ಆರ್ಟ್ ಇನ್‌ಸ್ಟಿಟ್ಯೂಟಿನ ಸಂಗ್ರಹದಲ್ಲಿದೆ.

ನೋಡುವವರ ಕಣ್ಣನ್ನು ಮೊದಲು ಸೆಳೆಯುವುದು ಅದರ ಬಣ್ಣ. ನೇರಳೆಹಣ್ಣಿನ ರಸವನ್ನು ಚೆಲ್ಲಿದಂತೆ ಕೆನ್ನೇರಳೆ ಇಡೀ ಕೋಣೆಯನ್ನು ವ್ಯಾಪಿಸಿದೆ. ಅದು ಸೂರ್ಯನ ಬೆಳಕಲ್ಲ, ಚಂದ್ರನದೂ ಅಲ್ಲ. ದೀಪಗಳು ಸೃಷ್ಟಿಸಿದ ಬೇರೊಂದು ಲೋಕದ ಬೆಳಕು. ಹಿಂದೆ ಸೀಸೆಗಳ ಸಾಲು ಥಳಥಳಿಸುತ್ತಿದೆ. ಪಾನೀಯ ನೀಡುವ ಇಬ್ಬರಿಗೆ ಬಿಡುವೇ ಇಲ್ಲ. ಜೋಡಿಗಳು ಮೈಮರೆತು ಕುಣಿಯುತ್ತಿವೆ. ವಾದ್ಯಗಾರರೆಲ್ಲಿ? ಬಲಗಡೆ ನಿಂತಿರುವ ಜೂಕ್‌ಬಾಕ್ಸ್, ಎಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯೇ, ಇಲ್ಲಿನ ವಾದ್ಯಮೇಳ. ಜನರನ್ನು ಓರೆಸಾಲಿನಲ್ಲಿ ಒತ್ತೊತ್ತಾಗಿ ಇರಿಸಿ, ಒಂದೇ ಬಗೆಯ ಆಕಾರಗಳನ್ನು ಮರಳಿ ಮರಳಿ ತಂದು, ನಿಶ್ಚಲವಾದ ಚಿತ್ರಪಟಕ್ಕೆ ಕಲಾವಿದ ತಾಳವನ್ನು ಕೊಟ್ಟಿದ್ದಾನೆ.

ಹಿಂದಿನ ವರ್ಷವಷ್ಟೇ ಎಡ್ವರ್ಡ್ ಹಾಪರನ ‘ನೈಟ್‌ಹಾಕ್ಸ್’ ಚಿತ್ರ ಇದೇ ಸಂಗ್ರಹಾಲಯಕ್ಕೆ ಬಂದಿತ್ತು. ಅದರ ಕೃತಕ ಬೆಳಕು ಮೋಟ್ಲಿಯ ಮನಸ್ಸನ್ನು ಸೆಳೆಯಿತು. ಆದರೆ ಅಲ್ಲಿ ಗಾಜಿನಾಚೆ ನಾಲ್ವರೇ ನಾಲ್ವರು, ನಡುವೆ ಮೌನ. ಇಲ್ಲಿ ಕಾಲಿಡಲೂ ಎಡೆಯಿಲ್ಲದಷ್ಟು ಜನ.

ಈ ಇಕ್ಕಟ್ಟಿಗೆ ಇನ್ನೊಂದು ಅರ್ಥವೂ ಉಂಟು. ಚಿತ್ರದ ನೆಲೆ ಚಿಕಾಗೋದ ಬ್ರಾನ್ಜ್‌ವಿಲ್. ದಕ್ಷಿಣ ರಾಜ್ಯಗಳ ದಬ್ಬಾಳಿಕೆಯಿಂದ ಪಾರಾಗಿ, ದುಡಿಮೆಯನ್ನರಸಿ ಬಂದ ಕಪ್ಪುಜನರು ನೆಲೆಸಿದ ಬಡಾವಣೆ. ಅವರಿಗೆ ಮನೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಕರಾರುಗಳು ನಗರದ ಎಷ್ಟೋ ಬೀದಿಗಳ ಬಾಗಿಲನ್ನು ಮುಚ್ಚಿದ್ದವು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1948ರಲ್ಲಿ.

ಸ್ವತಃ ಕಪ್ಪುಜನಾಂಗದವನಾದ ಮೋಟ್ಲಿ ಇದನ್ನು ಮರೆತಿರಲಿಲ್ಲವೆಂಬುದಕ್ಕೆ ಚಿತ್ರದಲ್ಲೇ ಒಂದು ಗುರುತಿದೆ. ಜೂಕ್‌ಬಾಕ್ಸಿನ ಮೇಲೊಂದು ವಿಚಿತ್ರವಾದ ತಲೆ. ಕಾಸು ಹಾಕಿ ನಾಲಗೆಯನ್ನೆಳೆದರೆ ಕಡಲೆಬೀಜ ಉದುರಿಸುವ ಯಂತ್ರ ಅದಾಗಿರಬಹುದೆಂದು ಬಲ್ಲವರ ಊಹೆ. ಆ ಯಂತ್ರಕ್ಕೆ ‘ಅಲಬಾಮಾದ ನಗುವ ಸ್ಯಾಮ್’ ಎಂದು ಹೆಸರು. ಕಪ್ಪು ಮನುಷ್ಯನ ಮುಖವನ್ನೇ ಪರಿಹಾಸ್ಯದ ಗೊಂಬೆಯಾಗಿಸಿದ ವಸ್ತು. ಊಹೆ ನಿಜವಾದರೆ, ಅವರು ತೊರೆದು ಬಂದ ದಕ್ಷಿಣವು ಅವರ ಸಂತೋಷದ ಕೋಣೆಗೂ ಹಿಂಬಾಲಿಸಿ ಬಂದು ಕುಳಿತಿದೆ.

ಒಮ್ಮೆ ಅದನ್ನು ಕಂಡ ಮೇಲೆ ಚಿತ್ರ ಮೊದಲಿನಂತಿರುವುದಿಲ್ಲ. ಕುಣಿಯುವವರು ನೋವನ್ನರಿಯದವರಲ್ಲ, ಅರಿತೂ ಈ ಒಂದು ರಾತ್ರಿಯನ್ನು ತಮ್ಮದಾಗಿಸಿಕೊಂಡವರು. ಗಡಿಯಾರದಲ್ಲಿ ಗಂಟೆ ಒಂದಾಯಿತು. ಕುಣಿತ ನಿಂತಿಲ್ಲ.