ಬೆಳಕು ಕಂಡವನು ಬೆಳಕಿಗೆ ಕಂಡನೇ?

ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿ ಕಡೆಗೆ ಬರುತ್ತಿದ್ದೆ. ರಾತ್ರಿ ಎಂಟೂವರೆ ಇದ್ದೀತು, ಅಮಾವಾಸ್ಯೆಯ ಆಸುಪಾಸು. ಎದುರಿನ ಲಾರಿ ಲೈಟು ಡಿಮ್ ಮಾಡಲಿಲ್ಲ. ಅದು ದಾಟಿಹೋದ ಮೇಲೆ ಒಂದೆರಡು ಕ್ಷಣ ಮುಂದೆ ರಸ್ತೆಯೇ ಇಲ್ಲ. ಮತ್ತೆ ರಸ್ತೆ ಕಂಡಾಗ ಅದರ ನಡುವೆ ಎರಡು ಬರಿಗಾಲು. ಮೊದಲು ಕಂಡದ್ದು ಕಾಲು ಮಾತ್ರ, ಆಮೇಲೆ ಮನುಷ್ಯ. ಕಾರು ನಿಂತಾಗ ಬಾನೆಟ್ಟಿಗೂ ಅವರಿಗೂ ಒಂದು ಮಾರು ಅಂತರವಿತ್ತು. ಎಪ್ಪತ್ತು ದಾಟಿದ ಹಿರಿಯರು, ತಲೆಯಿಂದ ಮೊಣಕಾಲಿನವರೆಗೆ ಕರಿಕಂಬಳಿ ಹೊದ್ದಿದ್ದರು.

ಇಳಿದು ಹೋದೆ. ನನ್ನ ಕೈ ನಡುಗುತ್ತಿತ್ತು, ಅವರದಲ್ಲ. “ನೋಡ್ಕೊಂಡು ದಾಟಬಾರದಾ ಯಜಮಾನ್ರೇ?” ಅಂದೆ. ಅವರು ಬೇಸರವಿಲ್ಲದೆ ಕೇಳಿದರು: “ನೋಡ್ಕೊಂಡೇ ದಾಟ್ದೆ ಕಣಪ್ಪಾ. ನಿನ್ ಲೈಟು ಆ ತಿರುವಿನಿಂದ್ಲೇ ನಂಗೆ ಕಾಣ್ತಿತ್ತು. ನಿಂಗ್ಯಾಕೆ ನಾನು ಕಾಣ್ಲಿಲ್ಲ?”

ಈ ಅಧ್ಯಾಯ ಆ ಪ್ರಶ್ನೆಗೆ ಉತ್ತರ.

ಕತ್ತಲಲ್ಲಿ ನಡೆಯುವವನಿಗೆ ವಾಹನದ ದೀಪ ಒಂದು ಕಿಲೋಮೀಟರು ದೂರದಿಂದಲೇ ಕಾಣುತ್ತದೆ. ಕಣ್ಣು ಕುಕ್ಕುವ ಬೆಳಕು ತನ್ನ ಮೈಮೇಲೆ ಬೀಳುತ್ತಿದೆ, ಅಂದಮೇಲೆ ಅದರ ಹಿಂದೆ ಕೂತವನಿಗೆ ತಾನು ಕಂಡೇ ಕಾಣುತ್ತೇನೆ ಎಂದು ಮನಸ್ಸು ಒಪ್ಪಿಬಿಡುತ್ತದೆ. ಓದು ಬರಹಕ್ಕೂ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ 1970ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಾಲಕನಿಗೆ ತಾವು ಎಷ್ಟು ದೂರದಿಂದ ಕಾಣುತ್ತೇವೆ ಎಂದು ಪಾದಚಾರಿಗಳು ಅಂದಾಜು ಮಾಡಿದರು. ನಿಜವಾಗಿ ಕಂಡ ದೂರಕ್ಕಿಂತ ಅವರ ಅಂದಾಜು ಬಹಳ ಹೆಚ್ಚಿತ್ತು. ನಂತರದ ಪ್ರಯೋಗಗಳಲ್ಲೂ ಇದೇ ಮರುಕಳಿಸಿತು.

ಈಗ ಚಾಲಕನ ಸೀಟಿಗೆ ಬನ್ನಿ. ಅವನು ಕಾಣುವುದು ದೀಪವನ್ನಲ್ಲ, ದೀಪದ ಬೆಳಕು ಯಾವುದಕ್ಕಾದರೂ ತಾಗಿ ಹಿಂದಿರುಗಿದ ಚೂರನ್ನು. ಬಿಳಿ ಪಂಚೆ ಬಿದ್ದ ಬೆಳಕಿನ ದೊಡ್ಡ ಪಾಲನ್ನು ಹಿಂದಕ್ಕೆ ಕೊಡುತ್ತದೆ. ಕರಿಕಂಬಳಿ ನೂರಕ್ಕೆ ಐದು ಪಾಲು ಕೊಟ್ಟರೂ ಹೆಚ್ಚೇ. ಕಂಬಳಿಯ ಹಿಂದಿರುವ ಡಾಂಬರೂ ಕಪ್ಪು, ಆಕಾಶವೂ ಕಪ್ಪು. ಕೆಂಪು ಬಟ್ಟೆ ನಂಬಿಕೊಂಡರೂ ಪ್ರಯೋಜನ ಕಡಿಮೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಇನ್ನೂರು ವರ್ಷಗಳ ಹಿಂದೆಯೇ ಗಮನಿಸಿದ್ದರು.

ಎದುರು ವಾಹನದ ಬೆಳಕು ಇದರ ಮೇಲೆ ಇನ್ನೊಂದು ಪೆಟ್ಟು. ಆ ಬೆಳಕು ಕಣ್ಣಿನೊಳಗೆ ಚದುರಿ ಹಾಲಿನ ಪರದೆಯಂತೆ ಹರಡುತ್ತದೆ, ಆ ಪರದೆಯಲ್ಲಿ ಮಸುಕಾದ ಆಕಾರಗಳು ಅಳಿಸಿಹೋಗುತ್ತವೆ. ಎರಡು ವಾಹನಗಳ ಬೆಳಕಿನ ನಡುವೆ ನಿಂತವನು ತಾನು ಹಗಲಿನಷ್ಟು ಸ್ಪಷ್ಟ ಎಂದುಕೊಳ್ಳುತ್ತಾನೆ, ಅದೇ ಹೊತ್ತಿಗೆ ಇಬ್ಬರು ಚಾಲಕರಿಗೂ ಮಾಯವಾಗಿರುತ್ತಾನೆ. ಪೊರೆ ಬರುತ್ತಿರುವ ಕಣ್ಣಿನ ಚಾಲಕನಾದರೆ ಕಷ್ಟ ಇನ್ನೂ ಹೆಚ್ಚು.

ಡಿಮ್ ಮಾಡಿದ ದೀಪದ ವಿನ್ಯಾಸವನ್ನೂ ತಿಳಿದಿರಬೇಕು. ಎಡಗಡೆ ಓಡಿಸುವ ನಮ್ಮ ದೇಶದಲ್ಲಿ ಅದರ ಬೆಳಕು ರಸ್ತೆಯ ಎಡ ಅಂಚಿನಲ್ಲಿ ದೂರ ಚಾಚುತ್ತದೆ. ಎದುರಿನವರ ಕಣ್ಣು ಕುಕ್ಕಬಾರದೆಂದು ಬಲಗಡೆ ಗಿಡ್ಡ. ಹಾಗಾಗಿ ಬಲಗಡೆಯಿಂದ, ಹೆದ್ದಾರಿಯಲ್ಲಾದರೆ ಮೀಡಿಯನ್ ಸಂದಿನಿಂದ, ದಾಟುವವರು ತಡವಾಗಿ ಕಾಣುತ್ತಾರೆ. ಆ ಹಿರಿಯರು ಬಂದದ್ದೂ ಬಲಗಡೆಯಿಂದಲೇ. ಬೆಳಕು ಕೆಳಮುಖವಾಗಿರುವುದರಿಂದ ನನಗೆ ಅವರ ಕಾಲೇ ಮೊದಲು ಕಂಡಿತು.

ಇನ್ನು ಲೆಕ್ಕ. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಕಂಡು, ಅರ್ಥಮಾಡಿಕೊಂಡು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೂ 25 ಮೀಟರ್ ಕಳೆಯಿತು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ನಿಲ್ಲಲು ಮತ್ತೆ 20. ಒಟ್ಟು 45 ಮೀಟರ್. 80ರ ವೇಗದಲ್ಲಿ ಇದೇ ಲೆಕ್ಕ 70ರ ಹತ್ತಿರಕ್ಕೆ ಹೋಗುತ್ತದೆ. ಡಿಮ್ ಬೆಳಕಿನಲ್ಲಿ ಕಡುಬಣ್ಣದ ಬಟ್ಟೆಯವರು ಎಷ್ಟೋ ಸಲ 30 ಮೀಟರಿನೊಳಗೆ ಬಂದ ಮೇಲೆಯೇ ಕಣ್ಣಿಗೆ ಬೀಳುತ್ತಾರೆ. ಅಂದರೆ ಕಂಡ ಕ್ಷಣದಲ್ಲೇ ತಡವಾಗಿರುತ್ತದೆ. ಅವತ್ತು ಲಾರಿಗೆ ಹೆದರಿ ನಾನು 40ಕ್ಕೆ ಇಳಿದಿದ್ದೆ. ಆ ವೇಗಕ್ಕೆ 26 ಮೀಟರ್ ಸಾಕು. ಆ ಹಿರಿಯರು ಉಳಿದದ್ದು ನನ್ನ ಚಾಲನೆಯ ಜಾಣ್ಮೆಯಿಂದಲ್ಲ, ಲಾರಿಯ ಭಯದಿಂದ.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಇಂಥ ಸಾವಾದಾಗೆಲ್ಲ “ಅಡ್ಡ ಬಂದ” ಎಂಬ ಮಾತು ಬಹಳ ಸಲೀಸಾಗಿ ಬರುತ್ತದೆ. ಫೋನು ನೋಡುತ್ತಾ, ಕುಡಿದು ತೂರಾಡುತ್ತಾ ದಾಟುವವರು ಇಲ್ಲವೆಂದಲ್ಲ. ಆದರೆ ಕೊನೆಯ ಬಸ್ಸು ಹೆದ್ದಾರಿಯ ಆಚೆ ಇಳಿಸಿದರೆ ಈಚೆ ಇರುವ ಊರಿಗೆ ದಾಟದೆ ಹೋಗುವುದು ಹೇಗೆ? ದೀಪವಿಲ್ಲ, ಮೇಲ್ಸೇತುವೆ ಎಲ್ಲೋ ದೂರ. ಅವರ ಎಚ್ಚರಿಕೆ ಇದೆ, ಅದು ತಪ್ಪು ಅಂದಾಜಿನ ಮೇಲೆ ನಿಂತಿದೆ.

ಅದೇ ದಾರಿಯಲ್ಲಿ ದನದ ಕಣ್ಣು ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಅಕ್ಷಿಪಟಲದ ಹಿಂದೆ ಅದಕ್ಕೊಂದು ಕನ್ನಡಿಯಂಥ ಪದರವಿದೆ, ಬಂದ ಬೆಳಕನ್ನು ಬಂದ ದಾರಿಯಲ್ಲೇ ಕಳಿಸುತ್ತದೆ. ನಮ್ಮ ಕಣ್ಣಿಗೆ ಆ ಪದರವಿಲ್ಲ. ಹಸು ಇತ್ತ ತಿರುಗಿದರೆ ದೂರದಿಂದಲೇ ತಿಳಿಯುತ್ತದೆ, ಹಗ್ಗ ಹಿಡಿದು ಬರುವವನು ಮಾತ್ರ ತಿಳಿಯುವುದಿಲ್ಲ.

ನಮಗಿಲ್ಲದ ಆ ಪದರವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಟ್ರ್ಯಾಕ್ಟರ್ ಟ್ರೇಲರಿಗೆ ಅಂಟಿಸುವ, ಜನ ರೇಡಿಯಂ ಎನ್ನುವ ಪಟ್ಟಿ. ಅದರಲ್ಲಿ ರೇಡಿಯಂ ಧಾತು ಇಲ್ಲ. ಸಣ್ಣ ಗಾಜಿನ ಮಣಿಗಳೋ ಪುಟ್ಟ ಪಟ್ಟಕಗಳೋ ಇರುತ್ತವೆ. ಅವು ಬೆಳಕನ್ನು ಎಲ್ಲೆಡೆ ಚೆಲ್ಲದೆ ದೀಪದ ಕಡೆಗೇ ತಿರುಗಿಸುತ್ತವೆ, ದೀಪದ ಹತ್ತಿರ ಕೂತ ಚಾಲಕನಿಗೆ 150 ಮೀಟರಿನಾಚೆಯಿಂದಲೂ ಕಾಣುತ್ತವೆ. ಪಕ್ಕದಲ್ಲಿ ನಡೆಯುವವರಿಗೆ ಅದು ಬರೀ ಬೂದುಬಣ್ಣದ ಚೂರು. ಕಟ್ಟಿಕೊಂಡವರಿಗೇ ಅದರ ಮೇಲೆ ನಂಬಿಕೆ ಬಾರದಿರುವುದು ಇದರಿಂದಲೇ. ಫಿನ್ಲೆಂಡಿನಲ್ಲಿ ಕತ್ತಲಲ್ಲಿ ನಡೆಯುವವರು ಇಂಥದ್ದನ್ನು ತೊಡಬೇಕೆಂದು ಕಾನೂನೇ ಹೇಳುತ್ತದೆ. ನಮ್ಮಲ್ಲಿ ಬಿಸಿಲಿಗೆ ಅಂಜಿ ರಾತ್ರಿಯೇ ಧರ್ಮಸ್ಥಳಕ್ಕೂ ಶ್ರೀಶೈಲಕ್ಕೂ ಪಾದಯಾತ್ರೆ ಹೋಗುವವರಿದ್ದಾರೆ. ಕಪ್ಪು ಬಟ್ಟೆಯ ಅಯ್ಯಪ್ಪ ಮಾಲಾಧಾರಿಗಳಿದ್ದಾರೆ. ಅವರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಗಳಲ್ಲಿ ಎರಡೆರಡು ಗೇಣು ರೇಡಿಯಂ ಪಟ್ಟಿಯನ್ನೂ ಕೊಡಬೇಕೆಂಬುದು ನನ್ನ ಆಸೆ.

ಅದನ್ನು ಕಟ್ಟುವ ಜಾಗವೂ ಮುಖ್ಯ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕತ್ತಲಲ್ಲಿ ಮೈ ಕಾಣದೆ ಕೀಲುಗಳ ಬಳಿಯ ಬೆಳಕಿನ ಚುಕ್ಕೆಗಳಷ್ಟೇ ಕಂಡರೂ, ಅವು ಅಲುಗಿದೊಡನೆ ನೋಡುವವರು ಮನುಷ್ಯ ನಡೆಯುತ್ತಿದ್ದಾನೆಂದು ಗುರುತಿಸಿದರು. ಎದೆಯ ಮೇಲಿನ ಪಟ್ಟಿ ಬೇಲಿಕಂಬವೋ ಫಲಕವೋ ಅನ್ನಿಸಬಹುದು. ಕಾಲಿನ ಗಂಟಿನದು ಹಾಗಲ್ಲ, ಚಾಲಕನ ಬೆಳಕು ಮೊದಲು ತಾಗುವುದೂ ಅಲ್ಲಿಗೇ.

ಆ ಘಟನೆಯ ನಂತರ ಊರಿನಲ್ಲಿ ಒಂದು ರಾತ್ರಿ ಎರಡು ಕಾಲಿಗೂ ಪಟ್ಟಿ ಸುತ್ತಿ ಮಗನನ್ನು ತೋಟದ ದಾರಿಯಲ್ಲಿ ಆಚೆ ತುದಿಗೆ ಕಳಿಸಿದೆ. ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನಿಂತೆ. ಅವನ ಮುಖ, ಅಂಗಿ, ಪಕ್ಕದ ತೆಂಗಿನ ಸಾಲು, ಯಾವುದೂ ಕಾಣಲಿಲ್ಲ. ನೆಲದಿಂದ ಒಂದು ಗೇಣು ಮೇಲೆ ಎರಡು ಬೆಳಕು, ಒಂದಾದ ಮೇಲೊಂದು ಏಳುತ್ತಾ ಇಳಿಯುತ್ತಾ ನನ್ನ ಕಡೆಗೆ ಬರುತ್ತಿದ್ದವು.